ಮೇಲಿನ ಮನೆ ರಾಯರ ‘ಆದ್ರೆ...’

ನಿನ್ನೆ ಸಂಜೆಯೂ ರಾಯರು ಅದನ್ನೇ ಹೇಳಿ ಹೋದರು. “ಸ್ವರ ಎಲ್ಲ ಸರಿಯಾಗೇ ಬರ್ತಿದೆ ಕಣ್ರೀ. ಆದ್ರೆ...”

ಅಷ್ಟೇ. ಆ ‘ಆದ್ರೆ’ ಮುಂದಕ್ಕೆ ಹೋಗುವುದಿಲ್ಲ. ಕಣ್ಣು ಅರ್ಧ ಮುಚ್ಚಿ, ಬಲಗೈ ಎತ್ತಿ, ಐದೂ ಬೆರಳನ್ನು ಗಾಳಿಯಲ್ಲಿ ಒಮ್ಮೆ ಅಲುಗಿಸುತ್ತಾರೆ. ಆಮೇಲೆ “ಇರ್ಲಿ ಬಿಡಿ, ಪ್ರಾಕ್ಟೀಸ್ ಮಾಡಿ” ಎಂದು ಮಹಡಿ ಹತ್ತುತ್ತಾರೆ. ಏನು ಇರ್ಲಿ? ಏನು ಬಿಡ್ಲಿ? ನನ್ನ ಗಿಟಾರಿನಲ್ಲಿ ಇಲ್ಲದ್ದೆಲ್ಲ ಆ ಬೆರಳುಗಳಲ್ಲಿದೆ. ಬಾಯಿಬಿಟ್ಟು ಹೇಳಿದರೆ ಅವರ ಗಂಟೇನು ಹೋಗುತ್ತದೆ?

ಗಿಟಾರಿಗೆ ಮಾತ್ರ ಅಂತಲ್ಲ. ನನ್ನ ಹೆಂಡತಿ ಕಾಫಿ ಕೊಟ್ಟರೆ “ಡಿಕಾಕ್ಷನ್ ಚೆನ್ನಾಗಿದೆ, ಆದ್ರೆ...” ನೀರಿನ ಮೋಟಾರ್ ರಿಪೇರಿ ಹುಡುಗನಿಗೂ “ನೀರು ಏರ್ತಿದೆ, ಆದ್ರೆ...” ಪಾಪ, ಅವನು ಕಟ್ಟಿಟ್ಟ ಸ್ಪ್ಯಾನರ್ ಮತ್ತೆ ತೆಗೆದು ಮೋಟಾರ್ ಬಿಚ್ಚಿಕೊಂಡು ಕೂತ.

ಮೈ ಉರಿಯುವುದು ಯಾಕೆಂದರೆ ಮಾತು ನಿಜ. ನಾನು ಶಂಕರಾಭರಣ ರಾಗ ನುಡಿಸಿದರೆ ಪಾಶ್ಚಾತ್ಯ ಸಂಗೀತದ ಸಿ ಮೇಜರ್ ಸ್ಕೇಲ್ ಕೇಳಿಸುತ್ತದೆ, ಬರೀ ಸ್ವರಗಳ ಸಾಲು. ಫ್ರೆಟ್ಟಿನ, ಅಂದರೆ ಗಿಟಾರಿನ ಕತ್ತಿನ ಮೇಲಿನ ಮೆಟ್ಟಿಲುಗಳ ಮೇಲೆ ಸುಮ್ನೆ ಒತ್ತಿದರೆ ಅಲ್ಲಿ ಗಮಕ ಇಲ್ಲ, ಸ್ವರದ ಓಲಾಟ, ಜಾರಾಟ ಇಲ್ಲ. ವೀಣೆಗೂ ಮೆಟ್ಟಿಲಿದೆ, ಆದರೆ ವೀಣೆ ನುಡಿಸುವವರು ತಂತಿ ಎಳೆದು ಹಾಡಿಸುತ್ತಾರೆ. ಗಿಟಾರಲ್ಲೂ ಎಳೆಯಬಹುದು, ಬೆಂಡ್ ಅನ್ನುತ್ತಾರೆ. ಎಳೆದರೆ ಸ್ವರ ಮೇಲಕ್ಕೆ ಮಾತ್ರ ಹೋಗುತ್ತದೆ. ಮೇಲಿಂದ ಜಾರಿ ಬರಬೇಕಾದರೆ ಮೊದಲೇ ಎಳೆದಿಟ್ಟು, ಮೀಟಿ, ಆಮೇಲೆ ಸಡಿಲ ಬಿಡಬೇಕು. ಎಷ್ಟು ಎಳೆದಿದ್ದೇವೆ ಅಂತ ಮೀಟಿದ ಮೇಲೆಯೇ ಗೊತ್ತಾಗುವುದು. ಆಗ ಬೆಕ್ಕು ಎದ್ದು ಹೊರಗೆ ಹೋದರೂ ಏನೂ ಮಾಡುವಂತಿಲ್ಲ.

ಗಿಟಾರಲ್ಲೇ ರಾಗ ನುಡಿಸಿ ವಿಶ್ವಮೋಹನ ಭಟ್ಟರು 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ತಂದರಲ್ಲ ಅನ್ನಬೇಡಿ. ಅವರ ಮೋಹನವೀಣೆ, ಅಂದರೆ ಅವರೇ ಮಾರ್ಪಡಿಸಿಕೊಂಡ ಗಿಟಾರ್, ತೊಡೆಯ ಮೇಲೆ ಮಲಗಿರುತ್ತದೆ. ತಂತಿಯ ಮೇಲೆ ಕಂಬಿ ಜಾರಿಸುತ್ತಾರೆ, ಫ್ರೆಟ್ಟಿನ ಹಂಗೇ ಇಲ್ಲ.

ಕಳೆದ ಭಾನುವಾರ ಹಠ ಹಿಡಿದು ತೋಡಿ ರಾಗದ ಗಾಂಧಾರಕ್ಕೆ ಕೈ ಹಾಕಿದೆ. ಅದು ನಿಂತಲ್ಲಿ ನಿಲ್ಲುವ ಸ್ವರವಲ್ಲ, ಓಲಾಡಬೇಕು. ಓಲಾಡಿಸಿದೆ. ರಾಯರು ಬಾಗಿಲಲ್ಲಿ ನಿಂತಿದ್ದಾರೆ. ಅವರು ಬೆರಳು ಎತ್ತುವ ಮೊದಲೇ ಮುಗಿಸಬೇಕು ಅಂತ ಇನ್ನೊಂದು ಚೂರು ಎಳೆದೆ. ಟಣ್! ಮೊದಲನೇ ತಂತಿ ಕಿತ್ತು ಕನ್ನಡಕಕ್ಕೆ ಬಡಿಯಿತು. “ಅಯ್ಯಯ್ಯೋ!” ಎಂದು ಕಿರುಚಿದೆ.

“ಹಾಂ, ಈಗ ಬಂತು ನೋಡಿ ಭಾವ!” ಅಂದರು ರಾಯರು. ಅವರ ಬಾಯಲ್ಲಿ ‘ಆದ್ರೆ’ ಇಲ್ಲದ ವಾಕ್ಯವನ್ನು ನಾನು ಕೇಳಿದ್ದು ಅದೊಂದೇ.

ಭಾವ ಅಂದಾಗ ನೆನಪಾದದ್ದು ಅಮ್ಮ. ಮೊರದಲ್ಲಿ ಅಕ್ಕಿ ಆರಿಸುತ್ತಾ ಗುನುಗುತ್ತಿದ್ದರು. ಕಲ್ಲು ಕಂಡರೆ ಹಾಡು ನಿಲ್ಲುತ್ತಿತ್ತು. ಕಲ್ಲು ಎಸೆದು ಅದೇ ಸ್ವರದಿಂದ ಮತ್ತೆ ಎತ್ತಿಕೊಳ್ಳುತ್ತಿದ್ದರು. ಆ ನಿಲುಗಡೆ ಎಷ್ಟು ಚೆನ್ನಾಗಿತ್ತು. ಗಿಟಾರಿಗೆ ಉಸಿರು ಬೇಡವಲ್ಲ, ನಾನು ನಿಲ್ಲಿಸುವುದೇ ಇಲ್ಲ.

ಅದಕ್ಕೇ ಈಗ ಬಾಯಲ್ಲಿ ಹಾಡಿಕೊಂಡೇ ಮೀಟುತ್ತೇನೆ. ಉಸಿರು ಮುಗಿದಲ್ಲಿ ಕೈಯೂ ನಿಲ್ಲುತ್ತದೆ. ಮೀಟಿದ್ದು ಸ್ವಲ್ಪ ಹಾಡಿನಂತೆ ಕೇಳುತ್ತಿದೆ ಅನ್ನಿಸುತ್ತದೆ. ಹೆಂಡತಿ ಮಾತ್ರ “ಹಾಡೋದು ನಿಲ್ಸಿ, ಬರೀ ಗಿಟಾರ್ ನುಡಿಸ್ರೀ” ಅನ್ನುತ್ತಿದ್ದಾಳೆ. ಅವಳಿಗೆ ಗಿಟಾರ್ ಮೇಲೆ ಪ್ರೀತಿ ಬಂದಿದ್ದು ಇದೇ ಮೊದಲು.