ಚೈನ್ ಕಳಚಿದ್ದಕ್ಕೆ ಕೊಂಟಡೋರ್ ಯಾಕೆ ಕಳ್ಳ?

ಪ್ರತಿ ಜುಲೈನಲ್ಲೂ ಯಾರಾದರೂ 2010ರ ಟೂರ್ ಡಿ ಫ್ರಾನ್ಸ್‌ನ ಆ ವಿಡಿಯೋ ತುಣುಕು ಹಾಕುತ್ತಾರೆ: ಸೈಕಲ್ ರೇಸಿನಲ್ಲಿ ಮುಂದಿದ್ದ ಆಂಡಿ ಶ್ಲೆಕ್‌ನ ಚೈನ್ ಕಳಚುತ್ತದೆ, ಎದುರಾಳಿ ಕೊಂಟಡೋರ್ ಕಾಯದೆ ಮುಂದೆ ಹೋಗುತ್ತಾನೆ. ಕೆಳಗೆ ‘ಕೊಂಟಡೋರ್ ಕಳ್ಳ’ ಅನ್ನುವವರ ಸಾಲು. ಇವತ್ತೂ ನೋಡಿದೆ, ಸುಮ್ಮನಿರಲಾಗಲಿಲ್ಲ.

ಜುಲೈ 19, 15ನೇ ಹಂತ, ಪೋರ್ಟ್ ಡಿ ಬಾಲೆಸ್ ಏರು. 19 ಕಿಲೋಮೀಟರ್ ಉದ್ದ, ಕೊನೆಯ ಭಾಗ ಇನ್ನೂ ಕಡಿದಾದದ್ದು. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿ ಆಂಡಿ ಶ್ಲೆಕ್ ಮೈಮೇಲೆ, ಕೊಂಟಡೋರ್‌ಗಿಂತ 31 ಸೆಕೆಂಡ್ ಮುನ್ನಡೆ. ದಾಳಿ ಮಾಡಿದ್ದು ಶ್ಲೆಕ್. ಅದು ಮರೆತೇ ಹೋಗುತ್ತದೆ ನೋಡಿ! ಅವನೇ ಎದ್ದು ಹೊರಟ, ಅವನ ಚೈನೇ ಕಳಚಿತು. ಬೆನ್ನಟ್ಟಿ ಬಂದ ಕೊಂಟಡೋರ್ ನಿಲ್ಲಲಿಲ್ಲ. ಹಂತ ಮುಗಿಯುವ ಲುಶೋನ್ ತಲುಪುವಷ್ಟರಲ್ಲಿ ಶ್ಲೆಕ್ 39 ಸೆಕೆಂಡ್ ಕಳೆದುಕೊಂಡ, ಜೆರ್ಸಿ 8 ಸೆಕೆಂಡ್ ಅಂತರದಲ್ಲಿ ಕೈಬದಲಾಯಿತು.

ಚೈನ್ ಕಳಚುವುದು ಪಂಕ್ಚರ್ ಅಲ್ಲ. ಗಾಜಿನ ಚೂರು ಯಾರ ಟೈರಿಗಾದರೂ ಚುಚ್ಚಬಹುದು. ಚೈನ್ ವಿಷಯ ಬೇರೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವುದು ಡಿರೇಲರ್. ಹಿಂದಿನ ಡಿರೇಲರ್ ಚೈನಿನ ಕೆಳಗಿನ ಸಡಿಲ ಭಾಗವನ್ನು ತಳ್ಳುತ್ತದೆ, ಅದಕ್ಕೇ ತುಳಿಯುತ್ತಲೇ ಗೇರ್ ಬದಲಿಸಬಹುದು. ಮುಂದಿನದು ತಳ್ಳುವುದು ಮೇಲಿನ ಭಾಗವನ್ನು, ಕಾಲಿನ ಬಲವೆಲ್ಲ ಬೀಳುವ ಬಿಗಿ ಭಾಗವನ್ನು. ಎದ್ದು ನಿಂತು ಪೂರ್ತಿ ತುಳಿಯುವಾಗ ಪೆಡಲಿನ ಬಳಿಯ ದೊಡ್ಡ ರಿಂಗಿನಿಂದ (ಹಲ್ಲುಚಕ್ರದಿಂದ) ಚಿಕ್ಕದಕ್ಕೆ ಇಳಿಸಿದರೆ ಚೈನ್ ಹಲ್ಲು ಬಿಡದೆ ಅಂಟಿಕೊಂಡು, ಆಮೇಲೆ ಒಮ್ಮೆಲೇ ಚಿಮ್ಮಿ ಚಿಕ್ಕ ರಿಂಗನ್ನೂ ದಾಟಿ ಫ್ರೇಮ್ ಕಡೆ ಬೀಳುತ್ತದೆ. ಅದಕ್ಕೇ ಅರ್ಧ ಸುತ್ತು ಹಗುರಾಗಿ ತುಳಿದು, ಗೇರ್ ಕೂತ ಮೇಲೆ ಬಲ ಹಾಕಬೇಕು. ಮುಂದಿನ ಡಿರೇಲರ್ ಒಳಗೆ ಎಷ್ಟು ಸರಿಯಬಹುದೆಂದು ತಡೆಯುವ ಒಳಮಿತಿಯ ಸ್ಕ್ರೂ ಸರಿಯಿರಬೇಕು: ಮುಂದೆ ಚಿಕ್ಕ ರಿಂಗ್, ಹಿಂದೆ ಅತಿ ದೊಡ್ಡ ಸ್ಪ್ರಾಕೆಟ್ (ಹಿಂಚಕ್ರದ ಹಲ್ಲುಚಕ್ರ) ಇದ್ದಾಗ ಡಿರೇಲರ್‌ನ ಒಳತಗಡಿಗೂ ಚೈನಿಗೂ ಅರ್ಧದಿಂದ ಒಂದು ಮಿಲಿಮೀಟರ್ ಸಂದು, ಅಷ್ಟೇ. ಸಂದು ಹೆಚ್ಚಾದರೆ ಚೈನ್ ಒಳಗೆ ಬೀಳುವ ದಾರಿ ತೆರೆದಂತೆ. ಅದನ್ನು ತಡೆಯುವ ಚೈನ್ ಕ್ಯಾಚರ್ ಕೆಲವೇ ಗ್ರಾಂ ತೂಗುತ್ತದೆ.

ಸಮತಟ್ಟು ರಸ್ತೆಯಲ್ಲಾದರೆ ಬಿದ್ದ ಚೈನನ್ನು ಇಳಿಯದೆಯೇ ಎತ್ತಬಹುದು: ದೊಡ್ಡ ರಿಂಗಿಗೆ ಶಿಫ್ಟ್ ಹಾಕಿ ನಿಧಾನವಾಗಿ ಮುಂದಕ್ಕೆ ತುಳಿದರೆ ಹಲ್ಲಿಗೆ ಸಿಗುತ್ತದೆ. ಕಡಿದಾದ ಏರಿನಲ್ಲಿ ತುಳಿತ ನಿಂತ ಎರಡು ಕ್ಷಣಕ್ಕೆ ಸೈಕಲ್ಲೂ ನಿಲ್ಲುತ್ತದೆ. ಶ್ಲೆಕ್ ಇಳಿಯಬೇಕಾಯಿತು. ನೋಡಿದಾಗ ಹೊಟ್ಟೆ ಚುರುಕ್ ಅನ್ನುತ್ತದೆ, ನಿಜ. ಆದರೆ ಗೇರ್ ಹಾಕುವುದು, ಸೈಕಲ್ ಸಿದ್ಧಮಾಡುವುದು ಎರಡೂ ರೇಸಿನ ಭಾಗವೇ.

‘2003ರಲ್ಲಿ ಲುಜ್ ಆರ್ಡಿಡೆನ್ ಏರಿನಲ್ಲಿ ಆರ್ಮ್‌ಸ್ಟ್ರಾಂಗ್ ಬಿದ್ದಾಗ ಎದುರಾಳಿ ಉಲ್ರಿಚ್ ಕಾಯಲಿಲ್ಲವೇ?’ ಅನ್ನುತ್ತಾರೆ. ಕಾದ. ಆದರೆ ಆರ್ಮ್‌ಸ್ಟ್ರಾಂಗ್‌ನನ್ನು ಬೀಳಿಸಿದ್ದು ಪ್ರೇಕ್ಷಕರೊಬ್ಬರ ಚೀಲ, ಅವನ ಗೇರ್ ಅಲ್ಲ. ಹೋಲಿಸಬೇಡಿ.

ಕಾಯುವ ಸಂಪ್ರದಾಯವೇ ಬೇಕಾದರೆ ಅದೇ ಟೂರಿನ ಮೊದಲ ವಾರ ನೋಡಿ. 2ನೇ ಹಂತ, ಸ್ಪಾ ಊರಿನ ಹಾದಿ: ಒದ್ದೆ ಇಳಿಜಾರಿನಲ್ಲಿ ಶ್ಲೆಕ್ ಸಹೋದರರು ಬಿದ್ದಾಗ ಅವರದೇ ತಂಡದ ಕಾಂಚೆಲಾರಾ ಇಡೀ ಗುಂಪನ್ನು ನಿಧಾನಿಸಿದ. ಮರುದಿನ ಕಲ್ಲುಹಾಸಿನ ಹಾದಿಯಲ್ಲಿ ಫ್ರಾಂಕ್ ಶ್ಲೆಕ್ ಬಿದ್ದು ಗುಂಪು ಒಡೆಯಿತು. ಆಗ ಅದೇ ಕಾಂಚೆಲಾರಾ ಆಂಡಿಯನ್ನು ಎಳೆದುಕೊಂಡು ಓಡಿದ, ಹಿಂದೆ ಸಿಕ್ಕಿಬಿದ್ದ ಕೊಂಟಡೋರ್ 1 ನಿಮಿಷ 13 ಸೆಕೆಂಡ್ ಕಳೆದುಕೊಂಡ. ಯಾರೂ ಕಾಯಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಆ 73 ಸೆಕೆಂಡ್ ನ್ಯಾಯ, ಈ 39 ಕಳ್ಳತನವೇ?

ಒಂದು ಮಾತು ಒಪ್ಪುತ್ತೇನೆ. ಆ ಸಂಜೆ, ಚೈನ್ ಕಳಚಿದ್ದು ಮೊದಲು ಗೊತ್ತಾಗಲಿಲ್ಲ ಅಂದ ಕೊಂಟಡೋರ್ ರಾತ್ರಿ ಯೂಟ್ಯೂಬಿನಲ್ಲಿ ಕ್ಷಮೆ ಕೇಳಿದ್ದು ನನಗೆ ಇವತ್ತಿಗೂ ಹಿಡಿಸಿಲ್ಲ. ರೇಸ್ ಮಾಡಿದೆ ಅಂತ ನೇರವಾಗಿ ಹೇಳಬಹುದಿತ್ತು. ಎರಡು ದಿನದ ನಂತರದ ಅವನ ಡೋಪಿಂಗ್ ಪರೀಕ್ಷೆಯ ಮಾದರಿಯಲ್ಲಿ ನಿಷೇಧಿತ ಔಷಧಿ ಕ್ಲೆನ್ಬ್ಯುಟೆರಾಲ್ ಸಿಕ್ಕು, 2012ರಲ್ಲಿ ಪಟ್ಟ ಶ್ಲೆಕ್‌ಗೆ ಹೋಯಿತು. ಅದಕ್ಕೆ ಶಿಕ್ಷೆ ಆಗಿದೆ, ಆಗಲೇಬೇಕಿತ್ತು. ಅದನ್ನು ತಂದು ಬಾಲೆಸ್ ಏರಿಗೆ ಕಟ್ಟಬೇಡಿ.

‘ಕಳೆದದ್ದು 39, ಪ್ಯಾರಿಸಿನಲ್ಲಿ ರೇಸ್ ಮುಗಿದಾಗ ಶ್ಲೆಕ್ ಸೋತ ಅಂತರವೂ 39’ ಅನ್ನುವ ಲೆಕ್ಕವೂ ನಿಲ್ಲುವುದಿಲ್ಲ. ಮೂರು ದಿನ ಬಿಟ್ಟು ಟೂರ್ಮಲೆ ಏರಿನಲ್ಲಿ ಶ್ಲೆಕ್ ಎಷ್ಟು ಹಿಂಡಿದರೂ ಕೊಂಟಡೋರ್ ಅವನ ಹಿಂಚಕ್ರ ಬಿಡಲಿಲ್ಲ, ತುದಿಯಲ್ಲಿ ಗೆಲುವಿಗೂ ಸ್ಪ್ರಿಂಟ್ ಹಾಕಲಿಲ್ಲ. ಕೈಯಲ್ಲಿ 8 ಸೆಕೆಂಡ್ ಇತ್ತು, ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಹಂತ) ಬಾಕಿ ಇತ್ತು. 31 ಸೆಕೆಂಡ್ ಹಿಂದಿದ್ದಿದ್ದರೆ ಅವನು ಹಾಗೆ ಸುಮ್ಮನೆ ಕೂರುತ್ತಿದ್ದನೇ?