ಡಾಲರಿನ ಹನ್ನೊಂದೂ ರೂಪಾಯಿಯ ಹನ್ನೊಂದೂ ಒಂದೇ ಅಲ್ಲ

ಭಟ್ಕಳದಿಂದ ಕಾರವಾರದವರೆಗೆ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲೋ ಹಡಗಿನಲ್ಲೋ ಇದ್ದಾರೆ. ಉಳಿದ ದುಡ್ಡನ್ನು ನಿಫ್ಟಿ (ನಮ್ಮ 50 ದೊಡ್ಡ ಕಂಪನಿಗಳ ಇಂಡೆಕ್ಸ್, ಅಂದರೆ ಷೇರು ಸೂಚ್ಯಂಕ) ಫಂಡಿಗೆ ಹಾಕಬೇಕೋ, ಅಮೆರಿಕದ ಎಸ್ ಅಂಡ್ ಪಿ 500 (ಅಲ್ಲಿನ ಸುಮಾರು 500 ದೊಡ್ಡ ಕಂಪನಿಗಳದು) ಫಂಡಿಗೋ ಎಂಬ ಚರ್ಚೆ ಈಗ ಊರಿನ ವಾಟ್ಸಾಪ್ ಗುಂಪುಗಳಿಗೂ ಬಂದಿದೆ. ಅಲ್ಲಿ ಓಡಾಡುವ ಹೋಲಿಕೆ ಪಟ್ಟಿಗಳನ್ನು ನಾನಂತೂ ನಂಬುವುದಿಲ್ಲ. ಒಂದು ಕಾಲಂ ರೂಪಾಯಿಯದು, ಪಕ್ಕದ್ದು ಡಾಲರಿನದು; ಹಾಗೆಂದು ಯಾರೂ ಬರೆದಿರುವುದಿಲ್ಲ.

2014ರ ಡಿಸೆಂಬರ್ ಕೊನೆಗೆ ನಿಫ್ಟಿ 8,282. 2024ರ ಕೊನೆಗೆ 23,645. ಅದೇ ಹತ್ತು ವರ್ಷದಲ್ಲಿ ಎಸ್ ಅಂಡ್ ಪಿ 2,059ರಿಂದ 5,882ಕ್ಕೆ ಹೋಯಿತು. ಭಾಗಿಸಿ ನೋಡಿ, ಎರಡೂ 2.86 ಪಟ್ಟು ಹತ್ತಿರ, ವರ್ಷಕ್ಕೆ ಶೇ. 11ರ ಲೆಕ್ಕ. ಸಮ ಎನ್ನುತ್ತೀರಾ? ಆ ಹತ್ತು ವರ್ಷದಲ್ಲಿ ಡಾಲರ್ ಸುಮಾರು 63.3 ರೂಪಾಯಿಯಿಂದ 85.6ಕ್ಕೆ ಏರಿದೆ, ಅಂದರೆ 1.35 ಪಟ್ಟು. ಅದರಿಂದ ಗುಣಿಸಿದರೆ ಊರಿನಲ್ಲಿ ಕುಳಿತವರಿಗೆ ಎಸ್ ಅಂಡ್ ಪಿ 3.86 ಪಟ್ಟು, ವರ್ಷಕ್ಕೆ ಶೇ. 14.5. ದುಬೈನಲ್ಲಿರುವ ಮಗ ಅಲ್ಲಿನ ದುಡ್ಡಾದ ದಿರ್ಹಾಮಿನಲ್ಲಿ ನೋಡಿದರೆ ನಿಫ್ಟಿ ಬರೀ 2.11 ಪಟ್ಟು, ಶೇ. 7.8. (ದಿರ್ಹಾಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದು, ಹಾಗಾಗಿ ಅವನ ಲೆಕ್ಕ ಡಾಲರ್ ಲೆಕ್ಕವೇ.)

ಇಲ್ಲಿ ಬಹಳ ಜನ ಗಮನಿಸದ್ದೊಂದಿದೆ. ಅಪ್ಪ ರೂಪಾಯಿಯಲ್ಲಿ ಅಳೆಯಲಿ, ಮಗ ದಿರ್ಹಾಮಿನಲ್ಲಿ ಅಳೆಯಲಿ, ಗೆದ್ದ ಫಂಡ್ ಬದಲಾಗುವುದಿಲ್ಲ. ಎರಡನ್ನೂ ಒಂದೇ ಕರೆನ್ಸಿಗೆ ತಂದರಾಯಿತು, ಯಾವುದಾದರೂ ಸರಿ. ಆದರೆ ಹೊನ್ನಾವರದಲ್ಲಿ ಮನೆ ಕಟ್ಟಲು ದುಡ್ಡು ಸಾಕಾಗುತ್ತದೋ ಇಲ್ಲವೋ ಎಂಬ ಲೆಕ್ಕಕ್ಕೆ ರೂಪಾಯಿಯೇ ಬೇಕು. ಸಿಮೆಂಟಿನವನು ದಿರ್ಹಾಮ್ ಕೇಳುವುದಿಲ್ಲ.

ಶೇಕಡಾಗಳನ್ನು ಕೂಡಿಸಬೇಡಿ, ಗುಣಿಸಿ. ಎಸ್ ಅಂಡ್ ಪಿಯ ವರ್ಷದ ಶೇ. 11.07ಕ್ಕೆ ಡಾಲರಿನ ವರ್ಷದ ಏರಿಕೆ 3.06 ಕೂಡಿಸಿದರೆ 14.13, 1.1107 × 1.0306 ಮಾಡಿದರೆ 14.47. ಚಿಲ್ಲರೆ ವ್ಯತ್ಯಾಸ ಅನಿಸಬಹುದು, ಹತ್ತು ಲಕ್ಷ ಹಾಕಿ ಹತ್ತು ವರ್ಷ ಬಿಟ್ಟರೆ ಒಂದು ಲಕ್ಷಕ್ಕೂ ಮೇಲೆ.

ಇದಕ್ಕಿಂತ ದೊಡ್ಡ ಎಡವಟ್ಟು ಎರಡು ಸಲ ಎಣಿಸುವುದು. ಭಾರತದ ಮ್ಯೂಚುವಲ್ ಫಂಡ್ ಮೂಲಕ ಅಮೆರಿಕದ ಇಂಡೆಕ್ಸ್ ತಗೊಂಡರೆ ಅದರ ಎನ್‌ಎವಿ (ಫಂಡಿನ ಒಂದು ಯೂನಿಟ್ಟಿನ ಒಳಗಿರುವ ಆಸ್ತಿಯ ಬೆಲೆ) ರೂಪಾಯಿಯಲ್ಲೇ ಇರುತ್ತದೆ, ಡಾಲರಿನ ಏರಿಳಿತ ಆಗಲೇ ಅದರೊಳಗೆ ಸೇರಿರುತ್ತದೆ. ಅದರ ಮೇಲೆ ಮತ್ತೆ "ರೂಪಾಯಿ ಕುಸಿತದ ಶೇ. 3" ಸೇರಿಸುವ ಏಜೆಂಟರಿದ್ದಾರೆ ಮಾರಾಯ್ರೇ, ಹುಷಾರು.

ರೂಪಾಯಿ ಯಾವಾಗಲೂ ಬಿದ್ದೇ ಬೀಳುತ್ತದೆ ಎಂಬ ಧೈರ್ಯವೂ ಬೇಡ. 2022ರಲ್ಲಿ ಎಸ್ ಅಂಡ್ ಪಿ ಡಿವಿಡೆಂಡ್ (ಕಂಪನಿಗಳು ಹಂಚುವ ಲಾಭಾಂಶ) ಸೇರಿ ಶೇ. 18 ಕಳೆದುಕೊಂಡಾಗ ಡಾಲರ್ 74ರಿಂದ 82ರ ಮೇಲೆ ಹೋಗಿ, ನಮ್ಮ ಲೆಕ್ಕದಲ್ಲಿ ನಷ್ಟ ಸುಮಾರು ಶೇ. 9ಕ್ಕೆ ನಿಂತಿತು. 2017ರಲ್ಲಿ ಉಲ್ಟಾ: ಡಾಲರ್ 68ರ ಹತ್ತಿರದಿಂದ 64ಕ್ಕೆ ಇಳಿದು, ಅಲ್ಲಿನ ಶೇ. 22ರ ಲಾಭ ಇಲ್ಲಿ 15ರ ಆಸುಪಾಸಿಗೆ ಬಂತು.

ಮೇಲಿನ ಹತ್ತು ವರ್ಷದ ಲೆಕ್ಕದಲ್ಲಿ ಎರಡೂ ಕಡೆ ಡಿವಿಡೆಂಡ್ ಬಿಟ್ಟಿದ್ದೇನೆ. ಸೇರಿಸುವುದಾದರೆ ಎರಡಕ್ಕೂ ಸೇರಿಸಿ, ಟಿಆರ್‌ಐ (ಡಿವಿಡೆಂಡನ್ನೂ ಸೇರಿಸಿ ಲೆಕ್ಕ ಹಾಕಿದ ಇಂಡೆಕ್ಸ್) ಅಂಕಿ ತಗೊಳ್ಳಿ. ಅಮೆರಿಕ ಡಿವಿಡೆಂಡಿನ ಮೇಲೆ ತೆರಿಗೆ ಹಿಡಿದುಕೊಂಡೇ ಕೊಡುವುದರಿಂದ ಕೈಗೆ ಬರುವುದು ಅದಕ್ಕಿಂತ ಸ್ವಲ್ಪ ಕಡಿಮೆ.

ಗಲ್ಫಿನವರು ಕೊಳ್ಳುವ ವರ್ಲ್ಡ್ ಇಂಡೆಕ್ಸ್ ಫಂಡುಗಳ ಬೆಲೆ ಡಾಲರಿನಲ್ಲಿದ್ದರೂ ಒಳಗಿರುವುದು ಬರೀ ಡಾಲರ್ ಅಲ್ಲ. ಯೆನ್, ಯೂರೋ, ಪೌಂಡ್ ಎಲ್ಲವೂ ಇದೆ. ಲಂಡನ್ ಪೇಟೆಯಲ್ಲಿ ಅದೇ ಫಂಡನ್ನು ಪೌಂಡಿನಲ್ಲಿ ಕೊಂಡರೂ ಡಾಲರಿನಲ್ಲಿ ಕೊಂಡರೂ ಒಳಗಿನ ಷೇರು ಅವೇ, ಅಪಾಯವೂ ಅದೇ. ಜಪಾನನ್ನೇ ನೋಡಿ. 2024ರಲ್ಲಿ ಅಲ್ಲಿನ ಇಂಡೆಕ್ಸ್ ನಿಕ್ಕೈ ಯೆನ್ನಿನಲ್ಲಿ ಶೇ. 19 ಏರಿತು. ಯೆನ್ ಡಾಲರಿಗೆ 141ರಿಂದ 157ಕ್ಕೆ ಬಿದ್ದದ್ದರಿಂದ ಡಾಲರಿನಲ್ಲಿ ಅದು 7ಕ್ಕಿಂತ ತುಸು ಕಡಿಮೆ, ರೂಪಾಯಿಯಲ್ಲಿ 10ರ ಹತ್ತಿರ.

ಲೆಕ್ಕ ಹಾಕುವಾಗ ಎರಡು ಇಂಡೆಕ್ಸಿಗೂ ಡಾಲರ್ ದರಕ್ಕೂ ಒಂದೇ ತಾರೀಖು ಇಟ್ಟುಕೊಳ್ಳಿ. ದರಕ್ಕೆ ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರಕಟಿಸುವ ರೆಫರೆನ್ಸ್ ರೇಟ್ ಸಾಕು, ಎಕ್ಸ್‌ಚೇಂಜ್ ಅಂಗಡಿಯ ದರದಲ್ಲಿ ಅವರ ಕಮಿಷನ್ ಸೇರಿರುತ್ತದೆ. ಇಟಿಎಫ್ (ಷೇರಿನ ಹಾಗೆ ಷೇರುಪೇಟೆಯಲ್ಲಿ ಕೊಳ್ಳುವ ಫಂಡ್) ಆದರೆ ಎನ್‌ಎವಿ ನೋಡಿ, ಷೇರುಪೇಟೆಯ ಬೆಲೆಯನ್ನಲ್ಲ. ಭಾರತದ ಮ್ಯೂಚುವಲ್ ಫಂಡುಗಳ ಒಟ್ಟು ವಿದೇಶಿ ಹೂಡಿಕೆಗೆ 700 ಕೋಟಿ ಡಾಲರಿನ ಮಿತಿ ಇದೆ. 2022ರಲ್ಲಿ ಅದು ತುಂಬುತ್ತಾ ಬಂದಮೇಲೆ ಹೊಸ ಯೂನಿಟ್ ಸಿಗುವುದು ಕಷ್ಟವಾಗಿ, ಕೆಲವು ಇಟಿಎಫ್‌ಗಳು ಎನ್‌ಎವಿಗಿಂತ ಸಾಕಷ್ಟು ಮೇಲಿನ ಬೆಲೆಗೆ ಮಾರಾಟವಾಗಿವೆ. ಆ ಹೆಚ್ಚಿನ ದುಡ್ಡು ಇಂಡೆಕ್ಸಿನದೂ ಅಲ್ಲ, ಡಾಲರಿನದೂ ಅಲ್ಲ, ಮಾರಿದವನ ಜೇಬಿಗೆ ಹೋದದ್ದು.