ಪೋಕ್ಸೊ ದೂರಿಗೆ ಎಸ್‌ಡಿಎಂಸಿ ಒಪ್ಪಿಗೆ ಬೇಕಿಲ್ಲ: ಸ್ಪಷ್ಟನೆ

‘ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ ಮೊದಲು ಶಾಲೆಯಲ್ಲೇ ವಿಚಾರಣೆ ಮಾಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಪ್ಪಿದ ಮೇಲಷ್ಟೇ ದೂರು ಕೊಡಬೇಕು, ಸಾಬೀತಾಗದಿದ್ದರೆ ಶಿಕ್ಷಕರೇ ಜೈಲಿಗೆ’ ಎಂಬ ಸಂದೇಶ ದಾವಣಗೆರೆಯ ಪ್ರಾಥಮಿಕ ಶಾಲೆಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ 19ನೇ ಕಲಂ ಪ್ರಕಾರ, ವಿಷಯ ತಿಳಿದವರು ನೇರವಾಗಿ ಪೊಲೀಸರಿಗೆ ತಿಳಿಸಲೇಬೇಕು. ಯಾರ ಅನುಮತಿಯೂ ಬೇಡ. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು. ಕೈಕೆಳಗಿನ ಸಿಬ್ಬಂದಿಯ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಅದೇ ಕಲಂ ರಕ್ಷಣೆ ಕೊಡುತ್ತದೆ. ಶಿಕ್ಷೆ ಇರುವುದು ಮಾನಹಾನಿ, ಸುಲಿಗೆಯಂಥ ಉದ್ದೇಶದ ಸುಳ್ಳು ದೂರಿಗೆ ಮಾತ್ರ.

ಶಾಲೆಯ ‘ವಿಚಾರಣೆ’ಯೇ ನಿಜವಾದ ಅಪಾಯ. ಮುಖ್ಯಶಿಕ್ಷಕರ ಕೊಠಡಿಯಲ್ಲಿ ನಾಲ್ಕು ಜನರ ಮುಂದೆ, ಕೆಲವೊಮ್ಮೆ ಆರೋಪಿಯ ಎದುರೇ, ಮತ್ತೆ ಮತ್ತೆ ಕೇಳಿದರೆ ಮಗು ಹೆದರಿ ಮಾತು ಬದಲಿಸುತ್ತದೆ. ಆರೋಪಿಗೆ ಸಾಕ್ಷ್ಯ ಅಳಿಸಲು ಸಮಯ ಸಿಗುತ್ತದೆ. ದಯವಿಟ್ಟು ಇದನ್ನು ಮಾಡಬೇಡಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕ, ವೇಳೆ ಸಹಿತ ಬರೆದಿಡಿ. ‘ಅವರು ಇಲ್ಲಿ ಮುಟ್ಟಿದರಾ?’ ಎಂದು ಉತ್ತರ ಸೂಚಿಸುವ ಪ್ರಶ್ನೆ ಬೇಡ. ‘ಯಾರಿಗೂ ಹೇಳಲ್ಲ’ ಎಂಬ ಭರವಸೆಯೂ ಬೇಡ. ಆರೋಪಿ ಮಗುವಿನ ಹತ್ತಿರ ಬರದಂತೆ ನೋಡಿಕೊಂಡು ಅಂದೇ ಪೊಲೀಸ್ ತುರ್ತು ಸಂಖ್ಯೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೇಳಿಕೆಯನ್ನು ಸಮವಸ್ತ್ರವಿಲ್ಲದ ಪೊಲೀಸರು ಮಗುವಿನ ಮನೆಯಲ್ಲೇ ಪಡೆಯಬಹುದು, ಠಾಣೆಗೆ ಎಳೆದಾಡಬೇಕಿಲ್ಲ.

ಮಗುವಿನ ಹೆಸರು, ಫೋಟೊ, ಶಾಲೆಯ ಗುರುತು ಗುಂಪುಗಳಲ್ಲಿ ಹಾಕಬೇಡಿ.